ಕಾಮಸಮುದ್ರದ ರತ್ನಮ್ಮನ ಫೋನು

ನಮ್ಮನೆಯವರಿಗೆ,

ನಿಮ್ಮ ನಾರಾಯಣಮ್ಮ ಬರೆಯುವುದು. ನಾನು ಕ್ಷೇಮ ಎಂದು ಬರೆಯಬೇಕೋ, ನಿಮ್ಮ ಕ್ಷೇಮ ಕೇಳಬೇಕೋ ತಿಳಿಯುತ್ತಿಲ್ಲ. ಹೋದವರಿಗೆ ಕಾಗದ ಹೇಗೆ ಶುರು ಮಾಡಬೇಕೆಂದು ನಾನು ಓದಿದ ಏಳನೇ ಕ್ಲಾಸಿನವರೆಗೆ ಯಾರೂ ಹೇಳಿಕೊಡಲಿಲ್ಲ. ಅದಕ್ಕೇ ಇದ್ದದ್ದನ್ನು ಇದ್ದಹಾಗೆ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು. ನೀವು ಬದುಕಿದ್ದಾಗ ಇತ್ತು, ನೀವು ಹೋದ ಮೇಲಾದರೂ ಆರುತ್ತದೆ ಅಂದುಕೊಂಡಿದ್ದೆ. ಆರಲಿಲ್ಲ. ಹೋದ ವಾರ ರೇಡಿಯೋ ಸ್ಟೇಷನ್ನಿಂದ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ಬಂದದ್ದು ನನ್ನನ್ನು ನೋಡುವುದಕ್ಕಲ್ಲ. ಯಾರಿಗಾಗಿ ಬಂದಳು ಎನ್ನುವುದನ್ನು ನಿಮಗೆ ಹೇಳುವವರೆಗೂ ನನಗೆ ಅನ್ನ ಇಳಿಯುವುದಿಲ್ಲ. ಆದರೆ ಅದಕ್ಕೆ ಮೊದಲು ನಿಮ್ಮ ಮೇಲಿರುವ ಹಳೆಯ ಸಿಟ್ಟನ್ನೆಲ್ಲ ಒಂದು ಸಲ ಹೊರಗೆ ಹಾಕಿಬಿಡುತ್ತೇನೆ. ಈಗಲಾದರೂ ನಡುವೆ ಎದ್ದು ಹೋಗದೆ ಕೇಳುತ್ತೀರಲ್ಲ.

ಮದುವೆಯಾದ ಮೊದಲ ಚಳಿಗಾಲ ನೆನಪಿದೆಯೇ? ಕೆ.ಜಿ.ಎಫ್. ಚಿನ್ನದ ಗಣಿಯ ಕೋರಮಂಡಲ್ ಕ್ವಾರ್ಟರ್ಸಿನಲ್ಲಿದ್ದೆವು. ಅವರೆಕಾಯಿ ಕಾಲ. ನಾನು ನೆನೆಹಾಕಿದ ಅವರೆಕಾಳು ಮುಂದಿಟ್ಟುಕೊಂಡು ಹಿತುಕುತ್ತಾ ಕೂತರೆ, ನೀವು ಗಣಿಯ ಟೈಮ್ ಆಫೀಸಿನಿಂದ ಬಂದವರು ಕೈಕಾಲು ತೊಳೆದು ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಿರಿ. ಸಿಪ್ಪೆ ತೆಗೆದ ಕಾಳೆಲ್ಲ ನಂದಿದುರ್ಗ ಗಣಿಯ ಫುಟ್‌ಬಾಲ್ ತಂಡ, ಸಿಪ್ಪೆ ಇದ್ದವು ನಮ್ಮ ಕೋರಮಂಡಲದ ತಂಡ. ನೆಲದ ಮೇಲೆ ಕಾಳು ಜೋಡಿಸಿ ಹೋದ ಭಾನುವಾರದ ಆಟವನ್ನು ಮತ್ತೆ ಆಡಿಸುತ್ತಿದ್ದಿರಿ. "ನೋಡೇ, ಬಾಲು ಎಡಗಡೀಕೆ ಓಯ್ತು. ಅಲ್ಲೊಬ್ಬ ಸುಮ್ಕೆ ನಿಂತವ್ನೆ. ಅವನ್ನ ಯಾರೂ ನೋಡ್ತಾ ಇಲ್ಲ, ನೀನೂ ನೋಡ್ತಾ ಇಲ್ಲ. ಇಗೋ, ಅವನೇ ಗೋಲ್ ಒಡೆಯೋನು." ಕಾಮಸಮುದ್ರದ ಪಕ್ಕದ ಹಳ್ಳಿಯಿಂದ ಬಂದವಳು ನಾನು, ಹಸು ಎಮ್ಮೆ ಬಿಟ್ಟರೆ ಯಾವುದೂ ಓಡಿದ್ದನ್ನು ನಿಂತು ನೋಡಿರಲಿಲ್ಲ. ನಿಮ್ಮ ಬಾಯಲ್ಲಿ ಕೇಳುತ್ತ ಕೇಳುತ್ತ ನನಗೆ ಮೈದಾನವೇ ಕಾಣುತ್ತಿತ್ತು. ಹಿತಕಿದ ಬೇಳೆ ಸಾರು ಯಾವ ದಿನವೂ ಹೊತ್ತಿಗೆ ಸರಿಯಾಗಿ ಆಗಲಿಲ್ಲ, ನಿಮಗೂ ಅದರ ಚಿಂತೆ ಇರಲಿಲ್ಲ. ಆಗ ಆ ದನಿ ಪೂರ್ತಿ ನನ್ನದೊಬ್ಬಳದೇ ಆಗಿತ್ತು.

ನಂದಿದುರ್ಗದ ಮೈದಾನದಲ್ಲಿ ನಿಮ್ಮ ಕೈಗೆ ಮೈಕು ಸಿಕ್ಕ ದಿನವೇ ಆ ದನಿ ನನ್ನ ಕೈಬಿಟ್ಟು ಹೋಯಿತು. ಮೈಕಿನಲ್ಲಿ ಆಟದ ವಿವರ ಹೇಳುತ್ತಿದ್ದವರಿಗೆ ಜ್ವರ ಬಂದು, ಯಾರೋ ನಿಮ್ಮನ್ನು ಎಳೆದುಕೊಂಡು ಹೋಗಿ ಕೂರಿಸಿದರು. ನಾನು ಬುತ್ತಿ ಹಿಡಿದುಕೊಂಡು ಟೇಬಲಿನ ಹಿಂದೆ, ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದೆ. ಬಿದ್ದದ್ದು ಒಂದೇ ಗೋಲು, ಅದನ್ನು ನೀವು ತಮಿಳಿನಲ್ಲೊಮ್ಮೆ, ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿದಿರಿ, ಪ್ರತಿ ಸಲವೂ ಬೇರೆ ತಮಾಷೆ ಸೇರಿಸಿ. ಮೂರು ಮೂಲೆಯಿಂದ ಮೂರು ಸಲ ನಗು ಎದ್ದಿತು. ಆಮೇಲೆ ಅಂದಿರಿ: "ಅಲ್ಲೊಬ್ಬ ಸುಮ್ಮನೆ ನಿಂತವನೆ. ಅವನನ್ನ ಯಾರೂ ನೋಡ್ತಿಲ್ಲ, ನೀವೂ ನೋಡ್ತಿಲ್ಲ." ಮೈದಾನಕ್ಕೆ ಮೈದಾನವೇ ಚಪ್ಪಾಳೆ ತಟ್ಟಿತು. ನನ್ನ ಮಾತು ಅದು, ನನಗೆ 'ನೀನೂ' ಅಂದದ್ದನ್ನು 'ನೀವೂ' ಮಾಡಿ ಊರಿಗೆಲ್ಲ ಹಂಚಿಬಿಟ್ಟಿರಿ. ಗಂಡ ಇಷ್ಟು ಚೆನ್ನಾಗಿ ಮಾತಾಡುತ್ತಾನೆಂದು ಪಕ್ಕದ ಹೆಂಗಸರು ನನ್ನ ಕೈ ಹಿಡಿದು ಕುಲುಕಿದರು. ನಾನು ಹಲ್ಲು ಬಿಟ್ಟು ನಕ್ಕೆ. ಒಳಗೆ ಉರಿಯುತ್ತಿತ್ತು.

ರೇಡಿಯೋದವರು ನಿಮ್ಮನ್ನು ಬೆಂಗಳೂರಿಗೆ ಧ್ವನಿ ಪರೀಕ್ಷೆಗೆ ಕರೆದಾಗ ನೀವು ನಡೆದಾಡುತ್ತಾ 'ಹ' ಅಭ್ಯಾಸ ಮಾಡಿದ್ದು ಜ್ಞಾಪಕವಿದೆಯೇ? ಹಾಲು, ಹಸು, ಹುಲ್ಲು, ಹೋಗು, ಹೇಳು. ನಮ್ಮ ಸೀಮೆಯಲ್ಲಿ ಯಾರಿಗೂ ಬಾರದ ಅಕ್ಷರವನ್ನು ಒಲೆ ಮುಂದೆ ಕೂತು ನನ್ನ ಕೈಲಿ ತಿದ್ದಿಸಿಕೊಂಡಿರಿ, ನಾನು ಶಾಲೆಯ ಪುಸ್ತಕ ಓದಿದ್ದವಳು ಎಂದು. ಸಿಕ್ಕಿತು ಕೆಲಸ. ವಾರವೆಲ್ಲ ಗಣಿಯಲ್ಲಿ ದುಡಿದು ಭಾನುವಾರ ಬೆಳಿಗ್ಗೆ ರೈಲು ಹತ್ತಿ ಹೋಗುವುದು, ಮಧ್ಯಾಹ್ನ 'ಮೈದಾನದ ಮಾತು', ದೀಪ ಹಚ್ಚುವ ಹೊತ್ತಿಗೆ ವಾಪಸು. ಕೇಳುಗರು ಬರೆದ ಕಾರ್ಡು ಓದಿ, ಅವರ ಜೊತೆ ಜಗಳ ಆಡಿ, ಆಟಗಾರರನ್ನು ಕರೆದು ಕೂರಿಸಿ ಕಾಲೆಳೆದು... ಏನೇನೋ ಮಾಡಿದಿರಿ ಬಿಡಿ. ಚೆನ್ನಾಗಿತ್ತು. ಚೆನ್ನಾಗಿತ್ತು ಎಂದೇ ನನಗೆ ಸಹಿಸಲಾಗಲಿಲ್ಲ. ಒಂದೊಂದಾಗಿ ನಾನು ತಿದ್ದಿಕೊಟ್ಟ 'ಹ' ಎಲ್ಲ ರೇಡಿಯೋಗೆ ಹೋಯಿತು. ಮನೆಗೆ ಬಂದರೆ "ಏಯ್, ಊಟಕ್ಕಿಕ್ಕು."

ಆ ಕಾರ್ಯಕ್ರಮಕ್ಕೆ ಮುಂಚೆ ಒಬ್ಬ ಹೆಂಗಸು ನಿಮ್ಮ ಹೆಸರು ಹೇಳುತ್ತಿದ್ದಳಲ್ಲ, ಅವಳ ಮೇಲೆ ಎಷ್ಟು ವರ್ಷ ಹಲ್ಲು ಕಡಿದಿದ್ದೇನೆ ಗೊತ್ತೇ? "ಈಗ ನಿಮ್ಮೊಂದಿಗೆ..." ಅಂತ ಶುರು ಮಾಡಿ, ಸ್ವಲ್ಪ ತಡೆದು, ಪಾಯಸಕ್ಕೆ ಏಲಕ್ಕಿ ಹಾಕುವವಳ ಹಾಗೆ ನಿಮ್ಮ ಹೆಸರು ಉದುರಿಸುತ್ತಿದ್ದಳು. ನಾನು ಆ ಹೆಸರನ್ನು ಒಂದು ದಿನವೂ ಬಾಯಲ್ಲಿ ಆಡಿದವಳಲ್ಲ. ನಮ್ಮ ಕಡೆ ಯಾವ ಹೆಂಗಸು ಗಂಡನ ಹೆಸರು ಹೇಳುತ್ತಾಳೆ? ರೇಷನ್ ಅಂಗಡಿಯಲ್ಲಿ "ಗಂಡನ ಹೆಸರೇನಮ್ಮ" ಎಂದು ಕೇಳಿದರೆ ನಾನು ಪಕ್ಕದವಳ ಮುಖ ನೋಡುವುದು, ಅವಳು ನನ್ನ ಪರವಾಗಿ ಹೇಳುವುದು, ಅವಳ ಸರದಿಗೆ ನಾನು ಅವಳ ಗಂಡನ ಹೆಸರು ಹೇಳುವುದು, ಹಾಗೆ ನಡೆಯುತ್ತಿತ್ತು. ಊರಿನವರೆಲ್ಲ, ಎಲ್ಲಿಯದೋ ಕಾಲೇಜು ಹುಡುಗಿಯರೆಲ್ಲ ಕಾರ್ಡಿನ ತಲೆಯಲ್ಲಿ ಬರೆದ ಹೆಸರು, ಕಟ್ಟಿಕೊಂಡವಳಿಗೆ ಮಾತ್ರ ಇಲ್ಲ.

ನನಗೆ ಕಾಮಾಲೆ ಬಂದ ವರ್ಷವನ್ನು ನಾನು ಮರೆಯುವ ಹಾಗೇ ಇಲ್ಲ. ಕಣ್ಣು ಹಳದಿಯಾಗಿ, ಗೋಡೆ ಹಿಡಿದು ನಡೆಯುತ್ತಿದ್ದೆ. ನೀವು ಔಷಧಿ ತಂದಿರಿ, ಇಲ್ಲವೆನ್ನುವುದಿಲ್ಲ, ಮೊಸರು ಅನ್ನ ಕಲಸಿಟ್ಟಿರಿ. ಆದರೆ ಮಾತು? ಶನಿವಾರ ನಾಳೆ ಕಾರ್ಯಕ್ರಮ ಎಂದು ಗಂಟಲು ಉಳಿಸಿಕೊಳ್ಳುವುದು, ಸೋಮವಾರ ನಿನ್ನೆ ಮಾತಾಡಿ ಗಂಟಲು ಕಟ್ಟಿತು ಎಂದು ಬಾಯಿ ಮುಚ್ಚುವುದು. ಆ ಭಾನುವಾರ ಚಾಪೆಯ ಮೇಲೆ ಮಲಗಿ ರೇಡಿಯೋ ಹಾಕಿದರೆ, ಮಂಡ್ಯದ ಯಾರೋ ಕೇಳುಗರ ತಾಯಿಗೆ ಆಪರೇಷನ್ ಆಗಿದೆಯೆಂದು ನೀವು ವಿಚಾರಿಸುತ್ತಿದ್ದಿರಿ. "ಹೇಗಿದ್ದಾರೆ ಅಮ್ಮ? ಧೈರ್ಯವಾಗಿರಲಿ, ನಾವೆಲ್ಲ ಇದ್ದೇವೆ." ಆ ದನಿಯಲ್ಲಿ ಎಷ್ಟು ಮರುಕ ಇತ್ತು. ಕಾಳುಮೆಣಸಿನ ಕಷಾಯ ಕಾಯಿಸಿ ಆ ಗಂಟಲನ್ನು ಸಾಕಿದವಳು ನಾನು. ಅದರಿಂದ ಹೊರಟ ಒಂದು 'ಹೇಗಿದ್ದೀಯ' ಮಂಡ್ಯದವರೆಗೆ ಹೋಯಿತು, ನಮ್ಮ ನಡುಮನೆಯಿಂದ ಚಾಪೆಯವರೆಗೆ ಬರಲಿಲ್ಲ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ ಹೇಳಿ?

ಗಣಿಯಲ್ಲಿ ಕೆಲಸ ಕಮ್ಮಿಯಾಗಿ, ನೀವು ಬಿಟ್ಟು ಬಂದು, ಬಂಗಾರಪೇಟೆಯಲ್ಲಿ ಈ ಮನೆ ಮಾಡಿದ ಮೇಲೆ ರೇಡಿಯೋದವರು ಹೊಸದೊಂದು ತಂದರು. ಕಾರ್ಡು ಬೇಡ, ಕೇಳುಗರು ನೇರ ಫೋನೇ ಮಾಡಬಹುದು ಎಂದು. ಆಗ ನಿಮ್ಮ ಮುಖ ನೋಡಬೇಕಿತ್ತು, ಹೊಸ ಮದುವೆ ಗಂಡಿನ ಹಾಗಿದ್ದಿರಿ. ಭಾನುವಾರ ಮಧ್ಯಾಹ್ನ ಒಂದೊಂದು ಊರಿನ ಹೆಂಗಸರೂ ಗಂಡಸರೂ ನಿಮ್ಮ ಜೊತೆ ನಗುನಗುತ್ತಾ ಮಾತಾಡುವುದನ್ನು ಕೇಳಿ ಕೇಳಿ, ಒಂದು ದಿನ ಅಕ್ಕಿ ಆರಿಸುತ್ತಿದ್ದ ಮೊರವನ್ನು ಹಾಗೇ ಇಟ್ಟು ಎದ್ದೆ. ಸ್ಟೇಷನ್ ರಸ್ತೆಯ ಎಸ್‌ಟಿಡಿ ಬೂತಿಗೆ ಹೋದೆ. ಬೂತಿನ ಸರೋಜ ಕೆ.ಜಿ.ಎಫ್. ಕಡೆಯವಳು, ಅರ್ಧ ತಮಿಳು ಅರ್ಧ ಕನ್ನಡ. "ಯಾರ್ಗೆ ಅಕ್ಕಾ ಫೋನು?" ಅಂದಳು. ನಮ್ಮನೆಯವರಿಗೆ ಎಂದೆ. ಅವಳು ಗಲ್ಲಕ್ಕೆ ಕೈಯಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಪಕ್ಕದ ರೇಡಿಯೋದ ದನಿ ಸಣ್ಣಗೆ ಮಾಡಿ, ಏನೂ ಕೇಳದೆ ನಂಬರು ತಿರುಗಿಸುವುದಕ್ಕೆ ಕೂತಳು. ಎಷ್ಟೋ ಹೊತ್ತಿನ ಮೇಲೆ "ಅಕ್ಕಾ, ಲೈನ್ ಸಿಕ್ತು, ಸೀಕ್ರಂ ಬಾ" ಎಂದು ಕೂಗಿದಳು.

ಆ ಕಡೆಯಿಂದ ಒಂದು ಹುಡುಗಿಯ ದನಿ ಹೆಸರು, ಊರು ಕೇಳಿತು. ನಾರಾಯಣಮ್ಮ ಎಂದರೆ ಸಿಕ್ಕಿಬೀಳುತ್ತೇನಲ್ಲ? ಬಾಯಿಗೆ ಬಂದದ್ದು ನಮ್ಮ ತವರಿನ ಹಸುವಿನ ಹೆಸರು. "ರತ್ನಮ್ಮ, ಕಾಮಸಮುದ್ರ" ಎಂದೆ. "ಲೈನ್ ಕೊಡ್ತೀನಿ. ಮೊದಲು ಸರ್ ಹೆಸರು ಹೇಳಿ ನಮಸ್ಕಾರ ಅನ್ನಬೇಕು, ಆಮೇಲೆ ಪ್ರಶ್ನೆ. ಎಲ್ಲರೂ ಹಾಗೇ ಮಾಡೋದು" ಎಂದಳು. ಇದೊಂದು ಯೋಚಿಸಿಯೇ ಇರಲಿಲ್ಲ. ಅಷ್ಟರಲ್ಲಿ ನಿಮ್ಮ ದನಿ ಬಂತು, ನನ್ನ ಕಿವಿಯ ಒಳಗೇ: "ಹಲೋ, ಮೈದಾನದ ಮಾತು. ಯಾರು ಮಾತಾಡ್ತಿರೋದು?" ನಮಸ್ಕಾರ ಎಂದೆ, ಅಲ್ಲಿಗೇ ನಿಂತೆ. ಹಿಂದಿನಿಂದ ಆ ಹುಡುಗಿ "ಹೆಸರು ಹೇಳಿ, ಹೆಸರು" ಎಂದು ಪಿಸುಗುಟ್ಟುತ್ತಿದ್ದಳು. ಹೇಗೆ ಹೇಳಲಿ? "ನಮಸ್ಕಾರ... ಯಜಮಾನ್ರೇ" ಎಂದುಬಿಟ್ಟೆ. ಅಂಗಡಿಯವರನ್ನೂ ಹಾಗೇ ಕರೆಯುತ್ತೇವಲ್ಲ, ನಡೆಯುತ್ತದೆ ಅಂದುಕೊಂಡೆ.

ನೀವು ಸುಮ್ಮನಾದಿರಿ. ರೇಡಿಯೋದಲ್ಲಿ ಸುಮ್ಮನಾಗುವುದಕ್ಕಿಂತ ದೊಡ್ಡ ತಪ್ಪಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ಗಾಜಿನ ಆಚೆ ಸರೋಜ ತನ್ನ ರೇಡಿಯೋ ಕೆಟ್ಟಿತೆಂದು ಎರಡು ಸಲ ತಟ್ಟಿದಳು. ಆಮೇಲೆ "ಹೇಳಿ ರತ್ನಮ್ಮನವರೇ" ಎಂದಿರಿ. ರತ್ನಮ್ಮ-ನವರೇ. ನನಗೆ ಜೀವಮಾನವೆಲ್ಲ 'ಏಯ್'.

"ಎಲ್ರೂ ಗೋಲ್ ಒಡೆದೋನ್ನೇ ಒಗಳ್ತೀರ" ಎಂದೆ. "ಅವನ ಕಾಲಿಗೆ ಬಾಲ್ ತಂದುಕೊಟ್ಟೋರು ಒಬ್ರು ಇರ್ತಾರಲ್ಲ, ಅವರ ಮಾತು ಯಾಕೆ ಯಾರೂ ಎತ್ತಲ್ಲ?"

"ಗೋಲು ಹೊಡೆದವನಿಗೆ ಅದು ಗೊತ್ತಿರುತ್ತಮ್ಮ" ಎಂದಿರಿ.

"ಗೊತ್ತಿದ್ರೆ ಬಾಯ್ಬಿಟ್ಟು ಏಳಕ್ಕೇನು?"

"ಏಳ್ಬೇಕು" ಎಂದಿರಿ. "ಏಳ್ದೆ ಇರೋದು ತಪ್ಪೇಯ."

ಅಷ್ಟು ವರ್ಷ ಕಾಪಾಡಿಕೊಂಡು ಬಂದ 'ಹ'ವನ್ನು ಅಲ್ಲಿ ಬಿಟ್ಟಿರಿ. ನನಗೆ ಆಗ ಅದು ಹೊಳೆಯಲಿಲ್ಲ. ರಿಸೀವರ್ ಇಟ್ಟು ಹೊರಗೆ ಬಂದೆ. ಸರೋಜ ನೀರು ಕೊಟ್ಟು, "ಅಕ್ಕಾ, ಮನೇಲಿ ಮಾತಾಡೋ ಗಂಡನ್ನ ಬೂತ್‌ಗೆ ಬಂದು ಮಾತಾಡಿಸ್ತೀಯಲ್ಲ, ಏನ್ ಅಕ್ಕಾ ಇದು?" ಎಂದಳು. ಮನೇಲಿ ಮಾತಾಡೋ ಗಂಡ ಅಂತ ಯಾರು ಹೇಳಿದ್ದು ನಿನಗೆ ಎಂದೆ.

ಅವತ್ತು ದೀಪ ಹಚ್ಚುವ ಹೊತ್ತಿಗೆ ನೀವು ಬಂದು ಮುದ್ದೆ ಮುರಿಯುತ್ತಾ, ತಟ್ಟೆಯಿಂದ ಕಣ್ಣೆತ್ತದೆ ಹೇಳಿದ ಮಾತು ಕೇಳಿಸಿಕೊಳ್ಳಿ. "ಇವತ್ತು ಕಾಮಸಮುದ್ರದಿಂದ ಒಬ್ಬಾಯಮ್ಮ ಫೋನ್ ಮಾಡಿತ್ತು ಕಣೇ. ರತ್ನಮ್ಮ ಅಂತೆ. ನಿಮ್ಮ ಕಡೇರು. ಗೊತ್ತಾ?"

"ಕಾಮಸಮುದ್ರದಾಗೆ ಒಬ್ಳೇನಾ ರತ್ನಮ್ಮ ಇರೋದು? ನನಗೇನು ಗೊತ್ತು" ಎಂದೆ.

"ಬಲೇ ಗಟ್ಟಿಗಿತ್ತಿ. ಅಂಗೆ ಮುಖಕ್ಕೆ ಒಡೆದಂಗೆ ಕೇಳೋರು ಇನ್ನೊಬ್ರು ಸಿಕ್ಕಿಲ್ಲ ನನಗೆ."

ಸೌಟು ನನ್ನ ಕೈಯಲ್ಲೇ ನಿಂತಿತು. ಮದುವೆಯಾದಾಗಿನಿಂದ ಮುಖಕ್ಕೆ ಹೊಡೆದ ಹಾಗೆ ಕೇಳುತ್ತಲೇ ಇದ್ದೇನಲ್ಲ, ಅದು ಯಾರಿಗೆ ಕೇಳಿಸಿತು? ತುಮಕೂರಿನವನೊಬ್ಬನಿಗೆ ನೆಗಡಿಯಾಗಿದೆಯೆಂದು ಫೋನಿನಲ್ಲೇ ಹಿಡಿಯುವ ಕಿವಿ ನಿಮ್ಮದು. ಒಂದೇ ಸೂರಿನಡಿ ಬಾಳಿದವಳ ದನಿ ಗುರುತಾಗಲಿಲ್ಲವೇ? ಮಾರನೆಯ ದಿನ ಸಾರಿಗೆ ಬೇಕೆಂದೇ ಖಾರ ಸುರಿದೆ. ನೀವು ಕಣ್ಣಲ್ಲಿ ನೀರು ತುಂಬಿಕೊಂಡು ಉಂಡಿರಿ, ಒಂದು ಮಾತಾಡಲಿಲ್ಲ.

ಮತ್ತೆ ಫೋನ್ ಮಾಡಬಾರದೆಂದು ಎಣಿಸಿದ್ದೆ. ಭಾನುವಾರ ಬಂದರೆ ಕಾಲು ತಾನಾಗಿ ಬೂತಿನ ಕಡೆ ನಡೆಯುತ್ತಿತ್ತು. ಆ ಹುಡುಗಿಗೂ ನನ್ನ ದನಿ ಪಳಗಿ, "ರತ್ನಮ್ಮನವರಾ, ಬನ್ನಿ ಬನ್ನಿ" ಎಂದು ನೇರ ನಿಮಗೇ ಕೊಟ್ಟುಬಿಡುತ್ತಿದ್ದಳು. ನಾವು ಏನೆಲ್ಲ ಮಾತಾಡಿದೆವು. ಸೋತು ಬಂದ ಆಟಗಾರನಿಗೆ ಮನೆಯಲ್ಲಿ ಏನು ಬಡಿಸಬೇಕು, ಬೆಂಚಿನ ಮೇಲೆ ಕೂತೇ ವಯಸ್ಸಾದವನು ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು... ನೀವು ನಗುತ್ತಿದ್ದಿರಿ. ಕೋರಮಂಡಲದ ಆ ನಗು ನನಗೆ ಮತ್ತೆ ಸಿಕ್ಕಿತು, ಆದರೆ ಇನ್ನೊಬ್ಬಳ ಹೆಸರಿಗೆ. ಕೇಳುಗರು ರತ್ನಮ್ಮನ ಬಗ್ಗೆ ಕಾರ್ಡು ಬರೆಯತೊಡಗಿದರು. ಅದನ್ನೂ ನೀವು ಊಟದ ಹೊತ್ತಿನಲ್ಲಿ ನನಗೆ ಹೇಳುವುದು. ರತ್ನಮ್ಮ ಅಂಗಂದ್ಲು, ರತ್ನಮ್ಮ ಇಂಗಂದ್ಲು. ನನಗೆ ನಾನೇ ಸವತಿಯಾಗಿ ಕೂತೆ. ಸವತಿಯೆಂದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದು, ಇವಳ ಜುಟ್ಟಿಗೆ ಕೈ ಹಾಕಿದರೆ ನನ್ನ ತಲೆಯೇ ನೋಯುತ್ತದೆ. ಯಾರಿಗೆ ಹೇಳಿಕೊಳ್ಳಲಿ? ಗಂಡನ ಮನೆಯಲ್ಲಿರುವ ಮಗಳಿಗೆ ಹೇಳಿದರೆ ನಗುತ್ತಾಳೆ. ಸರೋಜ ಆಗಲೇ ನಗುತ್ತಿದ್ದಳು.

ಆ ರತ್ನಮ್ಮನಿಗೆ ಬುದ್ಧಿ ಕಲಿಸಬೇಕೆಂದು ಫೋನ್ ನಿಲ್ಲಿಸಿದೆ. ಅವಳಿಗೋ, ನಿಮಗೋ. ಮೊದಲ ಭಾನುವಾರ ನೀವು ಏನೂ ಅನ್ನಲಿಲ್ಲ. ಮುಂದಿನ ವಾರ ನಾನು ಒಲೆಯ ಮುಂದೆ ಕೂತಿದ್ದೆ, ರೇಡಿಯೋದಲ್ಲಿ ಯಾರೋ ಕ್ರಿಕೆಟ್ಟಿನ ಬಗ್ಗೆ ಉದ್ದಕ್ಕೆ ಮಾತಾಡಿ ಮುಗಿಸಿದರು. ನೀವು ಇದ್ದಕ್ಕಿದ್ದ ಹಾಗೆ, "ಕಾಮಸಮುದ್ರದ ರತ್ನಮ್ಮನವರು ಕೇಳ್ತಾ ಇದ್ದರೆ, ಹೇಗಿದ್ದೀರಿ? ಮೈ ಹುಷಾರಾಗಿದೆ ತಾನೇ? ನಿಮ್ಮ ಫೋನ್ ಬರದೆ ಭಾನುವಾರ ಭಾನುವಾರದ ಹಾಗಿಲ್ಲ" ಎಂದಿರಿ. ಕಾಮಾಲೆಯಲ್ಲಿ ಮಲಗಿದವಳಿಗೆ ಸಿಗದ 'ಹೇಗಿದ್ದೀರಿ' ಅವಳಿಗೆ ಸಿಕ್ಕಿತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಹಾಲು ಉಕ್ಕಿ ಒಲೆ ಆರಿತು. ಮರುವಾರ ಓಡಿಹೋಗಿ ಫೋನ್ ಮಾಡಿದೆ, ನಾಚಿಕೆಯಿಲ್ಲದವಳು.

ನಿಮಗೆ ಎದೆನೋವು ಬಂದದ್ದು, ಆಸ್ಪತ್ರೆ, ಅದೆಲ್ಲ ನಿಮಗೇ ಗೊತ್ತು, ಬರೆಯುವುದಿಲ್ಲ. ನಿಮಗೆ ಗೊತ್ತಿಲ್ಲದ್ದು ಆಮೇಲಿನದು. ಎಲ್ಲೆಲ್ಲಿಂದಲೋ ಜನ ಬಂದರು. ನಾನು ಒಮ್ಮೆಯೂ ನೋಡದ ಹೆಂಗಸರು ನಮ್ಮ ಜಗಲಿಯಲ್ಲಿ ಕೂತು, ಅಣ್ಣ ಹೋದರು, ಅಪ್ಪ ಹೋದರು ಎಂದು ನನಗಿಂತ ಜೋರಾಗಿ ಅತ್ತರು. ಒಬ್ಬ ಮುದುಕರು ನಿಮ್ಮ ದನಿ ಕೇಳಿಯೇ ತಮಗೆ ನಿದ್ದೆ ಬರುತ್ತಿದ್ದದ್ದು ಎಂದರು. ನನ್ನ ಗಂಡನನ್ನು ಇಷ್ಟು ಜನ ಕಳೆದುಕೊಂಡರೆ ನನ್ನ ಪಾಲಿಗೆ ಉಳಿದ ದುಃಖ ಎಷ್ಟು? ಅದರಲ್ಲೂ ಪಾಲು ಕೇಳುವುದಕ್ಕೆ ಬಂದರಲ್ಲ ಎಂದು, ಸುಳ್ಳೇಕೆ, ನನಗೆ ಅವರ ಕಣ್ಣೀರಿನ ಮೇಲೂ ಕಿಚ್ಚು ಹತ್ತಿತು.

ಹೋದ ವಾರ ಬಂದವಳು ಆ ಫೋನಿನ ಹುಡುಗಿಯೇ, ಶ್ಯಾಮಲಾ. ಅವಳು ಬಾಯಿ ತೆರೆದ ಕೂಡಲೇ ದನಿ ಗುರುತಾಯಿತು, ಸಿಕ್ಕಿಬಿದ್ದೆ ಅಂದುಕೊಂಡೆ. ಆದರೆ ಅತ್ತು ಅತ್ತು ನನ್ನ ಗಂಟಲು ಕಟ್ಟಿಹೋಗಿತ್ತು, ಅವಳಿಗೆ ಗುರುತು ಸಿಗಲಿಲ್ಲ. ಕಾಫಿ ಕುಡಿದು, ತಲೆ ತಗ್ಗಿಸಿ, "ಅಮ್ಮ, ನಿಮ್ಮಿಂದ ಒಂದು ಉಪಕಾರ ಆಗಬೇಕು" ಎಂದಳು.

"ಏಳಮ್ಮ."

"ನಿಮ್ಮ ತವರು ಕಾಮಸಮುದ್ರದ ಕಡೆ ಅಂತ ಸರ್ ಹೇಳ್ತಿದ್ರು. ಅಲ್ಲಿ ರತ್ನಮ್ಮ ಅಂತ ಒಬ್ಬರು ನಮಗೆ ಫೋನ್ ಮಾಡ್ತಿದ್ರು. ಅವರನ್ನ ಹುಡುಕಿಕೊಡ್ತೀರಾ? ಸರ್ ನೆನಪಿನ ಕಾರ್ಯಕ್ರಮಕ್ಕೆ ಅವರನ್ನೇ ಕರೆಸಿ ಅಂತ ಎಲ್ಲರೂ ಬರೀತಿದ್ದಾರೆ."

ನೋಡಿದಿರಾ? ನಿಮ್ಮ ಹೆಂಡತಿಯ ಮನೆಗೆ ಬಂದು, ಹೆಂಡತಿ ಮಾಡಿಕೊಟ್ಟ ಕಾಫಿ ಕುಡಿದು, ಸವತಿಯ ವಿಳಾಸ ಕೇಳಿದಳು. "ನೀವು ಬಂದು ಎರಡು ಮಾತಾಡಿ ಅಮ್ಮ" ಎಂದು ನನ್ನನ್ನು ಬಾಯಿಮಾತಿಗಾದರೂ ಕರೆಯಲಿಲ್ಲ. ಆಯಮ್ಮ ಅಂಥಾ ದೊಡ್ಡೋಳಾ ಎಂದು ಕೇಳಿಯೇ ಬಿಟ್ಟೆ.

"ಸರ್‌ಗೆ ಅವರ ಮೇಲೆ ಏನೋ ವಿಶೇಷ ಗೌರವ ಅಮ್ಮ" ಎಂದಳು. "ಮೊದಲ ಸಲ ನಾನು ಅವರಿಗೆ ಸರ್ ಹೆಸರು ಹೇಳಿ, ಹೇಳಿ ಅಂತ ಒತ್ತಾಯ ಮಾಡಿದ್ದೆ. ಪಾಪ, ತಡಬಡಾಯಿಸಿದ್ರು. ಕಾರ್ಯಕ್ರಮ ಮುಗಿದ ಮೇಲೆ ಸರ್ ನನ್ನ ಕರೆದು, ಇನ್ನು ಮೇಲೆ ಆಯಮ್ಮನ ಬಾಯಲ್ಲಿ ನನ್ನ ಹೆಸರು ಹೇಳಿಸಬೇಡ ಅಂದ್ರು. ಯಾಕೆ ಸರ್ ಅಂದೆ. ಆಯಮ್ಮನ ಕಡೆ ಹೆಂಗಸರು ಗಂಡನ ಹೆಸರು ಹೇಳಲ್ಲ ಅಂತ ನಗ್ತಾ ಹೊರಟುಹೋದ್ರು. ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಹೊಳೀತು, ರತ್ನಮ್ಮನ ಗಂಡನ ಹೆಸರೂ ಅದೇ ಇರಬೇಕು ಅಂತ."

"ಇರಬೌದು" ಎಂದೆ. ಲೋಟ ತೆಗೆದುಕೊಂಡು ಒಳಗೆ ಹೋದೆ. ಬಚ್ಚಲಿನಲ್ಲಿ ಆ ಒಂದು ಲೋಟವನ್ನು ಎಷ್ಟು ಹೊತ್ತು ತೊಳೆದೆನೋ.

ನಿಮಗೆ ಗೊತ್ತಿತ್ತು. ಮೊದಲ ದಿನದಿಂದಲೇ ಗೊತ್ತಿತ್ತು. ಹಾಗಾದರೆ ತಟ್ಟೆಯಿಂದ ಕಣ್ಣೆತ್ತದೆ ಬಲೇ ಗಟ್ಟಿಗಿತ್ತಿ ಎಂದದ್ದು ಯಾರಿಗೆ? ಖಾರದ ಸಾರನ್ನು ಕಣ್ಣೀರಿಟ್ಟು ಉಂಡದ್ದು ಯಾಕೆ? ರಾಜ್ಯಕ್ಕೆಲ್ಲ ಕೇಳುವ ಹಾಗೆ ಹೇಗಿದ್ದೀರಿ ಎಂದು ಕೇಳಿದ್ದು... ಅಯ್ಯೋ ನನ್ನ ಯಜಮಾನರೇ, ಅಷ್ಟು ದೂರ ರೈಲಿನಲ್ಲಿ ಹೋಗಿ, ಮೈಕಿನ ಮುಂದೆ ಕೂತರೇ ನಿಮಗೆ ನನ್ನ ಹತ್ತಿರ ಮಾತು ಬರುತ್ತಿದ್ದದ್ದೇ? ಮನೆಯಲ್ಲಿ ಒಂದು ಸಲ ರತ್ನಮ್ಮ ಎಂದು ಕೂಗಿದ್ದರೆ ನಾನು ಓ ಅನ್ನುತ್ತಿದ್ದೆ. ಕೂಗಿದ್ದರೆ ನಾಚಿಕೊಂಡು ನಾನು ಫೋನ್ ಮಾಡುವುದನ್ನು ಬಿಟ್ಟುಬಿಡುತ್ತಿದ್ದೆ ಎನ್ನುವುದೂ ನಿಮಗೆ ಗೊತ್ತಿತ್ತೇನೋ. ನಾವಿಬ್ಬರು ಮಾತಾಡುತ್ತಿದ್ದ ಜಾಗ ಅದೊಂದೇ ಉಳಿದಿತ್ತೇನೋ. ನಿಮ್ಮ ಮೇಲೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ. ಸಿಟ್ಟೇ ಜಾಸ್ತಿ ಬರುತ್ತದೆ.

ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದಾಗ ಆ ಹುಡುಗಿ ಇನ್ನೂ ಕಾದಿದ್ದಳು. ನಾನೇ ಕಣಮ್ಮ ಎನ್ನಬಹುದಿತ್ತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ನಿಮ್ಮ ಮೈಕಿನ ಮುಂದೆ ಕೂರಿಸುತ್ತಿದ್ದಳು, ಊರಿನವರೆಲ್ಲ ಬೆರಗಾಗುತ್ತಿದ್ದರು. ಆದರೆ ನೀವು ನನ್ನ ಜೊತೆ ಆಡಿದ್ದನ್ನೆಲ್ಲ ಮೊದಲಿನಿಂದ ರಾಜ್ಯದ ಜೊತೆ ಹಂಚಿಕೊಂಡೇ ಬಂದಿದ್ದೇನೆ. ನಿಮಗೆ ಗೊತ್ತಿತ್ತು ಎನ್ನುವ ಇದೊಂದು ಮಾತು ನನ್ನ ಕೈಗೆ ಬಂದದ್ದು ಅವತ್ತು. ಇದನ್ನೂ ಕೊಡಬೇಕೇ? ಕೊಡಲಾರೆ.

"ಆಯಮ್ಮ ಈಗಿಲ್ಲ ಕಣಮ್ಮ" ಎಂದೆ.

"ಅಂದರೆ?"

"ಓಗ್ಬಿಟ್ಲು. ಇವರು ಓದ್ರಲ್ಲ, ಅವತ್ತೇ."

ಶ್ಯಾಮಲಾ ಕಣ್ಣು ಒರೆಸಿಕೊಂಡು ಹೋದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ನಿನ್ನೆ ಭಾನುವಾರ, ನಿಮ್ಮ ಹೊತ್ತಿಗೆ ರೇಡಿಯೋ ಹಾಕಿದರೆ, ಕಾಮಸಮುದ್ರದ ರತ್ನಮ್ಮನವರು ತೀರಿಕೊಂಡರೆಂದು ಹೇಳಿ, ನಿಮಗೂ ಅವರಿಗೂ ಸೇರಿಸಿ ಮೌನ ಆಚರಿಸಿದರು. ಆಮೇಲೆ ಫೋನಿನ ಮೇಲೆ ಫೋನು. ಸರ್ ಹಿಂದೆಯೇ ಹೋದರು ಪುಣ್ಯಾತ್ಗಿತ್ತಿ, ಅಲ್ಲಾದರೂ ಇಬ್ಬರೂ ಕೂತು ಮಾತಾಡಿಕೊಂಡಿರಲಿ ಎಂದು ಒಬ್ಬಳು ಹಾರೈಸಿದಳು. ಸರೋಜ ಬೂತು ಬಿಟ್ಟು ಓಡಿಬಂದು, "ಅಕ್ಕಾ, ನಿನ್ನ ಸಾಯಿಸ್ಬಿಟ್ರಲ್ಲ ಅಕ್ಕಾ" ಎಂದು ನನ್ನನ್ನು ತಬ್ಬಿಕೊಂಡು ಅತ್ತಳು, ಆಮೇಲೆ ನಕ್ಕಳು. ನನಗೆ ನಗು ಬರಲಿಲ್ಲ. ರಾಜ್ಯವೆಲ್ಲ ಸೇರಿ ಅವಳನ್ನು ನಿಮ್ಮ ಹಿಂದೆ ಕಳಿಸಿಕೊಟ್ಟಿತಲ್ಲ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಅದಕ್ಕೇ ಈ ಕಾಗದ. ನೀವಿರುವ ಕಡೆ ಯಾರಾದರೂ ಬಂದು, ನಾನು ಕಾಮಸಮುದ್ರದ ರತ್ನಮ್ಮ ಎಂದರೆ ನಂಬಬೇಡಿ. ಎಷ್ಟು ಚೆನ್ನಾಗಿ ಮಾತಾಡಿದರೂ ಮಾತಾಡಿಸಬೇಡಿ. ನಾನು ಬರುವವರೆಗೂ ನಮ್ಮನೆಯಲ್ಲಿ ಇದ್ದ ಹಾಗೇ ಬಾಯಿ ಮುಚ್ಚಿಕೊಂಡಿರಿ. ನಾನಿನ್ನೂ ಇಲ್ಲೇ ಇದ್ದೇನೆ.

ನಾರಾಯಣಮ್ಮ